ಬರ್ನರ್ ಹೊತ್ತುವ ಮೊದಲು ಬ್ಲೋವರ್ ಓಡುವ ಸಮಯ ಕಡಿಮೆ ಮಾಡಬಹುದಾ?

ಪ್ರಶ್ನೆ: ನಮ್ಮ ಗ್ಯಾಸ್ ಬಾಯ್ಲರ್‌ನಲ್ಲಿ ಸ್ಟಾರ್ಟ್ ಒತ್ತಿದ ಮೇಲೆ ಸುಮಾರು ಒಂದು ನಿಮಿಷ ಬರೀ ಬ್ಲೋವರ್ ಓಡುತ್ತದೆ. ಆಮೇಲಷ್ಟೇ ಬೆಂಕಿ ಹೊತ್ತಿಕೊಳ್ಳುತ್ತದೆ. ಟ್ರಿಪ್ ಆದಾಗ (ಬರ್ನರ್ ತಾನಾಗಿಯೇ ನಿಂತಾಗ) ಬಾಯ್ಲರ್ ಇನ್ನೂ ಬಿಸಿಯಾಗಿಯೇ ಇರುತ್ತದೆ. ಆಗಲೂ ಅಷ್ಟು ಹೊತ್ತು ಕಾಯಲೇಬೇಕಾ? ಟೈಮರ್ ಅರ್ಧಕ್ಕೆ ಇಳಿಸಿದರೆ ಏನು ತೊಂದರೆ?

ಉತ್ತರ: ದಯವಿಟ್ಟು ಇಳಿಸಬೇಡಿ. ಬಿಸಿ ಬಾಯ್ಲರ್‌ನಲ್ಲಂತೂ ಖಂಡಿತ ಬೇಡ.

ಆ ಒಂದು ನಿಮಿಷಕ್ಕೆ ಪರ್ಜ್ ಎನ್ನುತ್ತಾರೆ. ಬೆಂಕಿ ಉರಿಯುವ ಜಾಗವಾದ ಫರ್ನೇಸ್ ಒಳಗೆ, ಟ್ಯೂಬ್‌ಗಳಲ್ಲಿ, ಚಿಮಣಿಯ ದಾರಿಯಲ್ಲಿ ಉರಿಯದ ಗ್ಯಾಸ್ ಉಳಿದಿದ್ದರೆ ಅದನ್ನು ಹೊರಗೆ ತಳ್ಳುವುದು ಅದರ ಕೆಲಸ. ಗಾಳಿಯಲ್ಲಿ ನೈಸರ್ಗಿಕ ಅನಿಲ ಸುಮಾರು ಶೇ. 5ರಿಂದ 15ರಷ್ಟು ಇದ್ದರೆ ಒಂದು ಕಿಡಿ ಸಾಕು. ಎಲ್‌ಪಿಜಿಗೆ ಶೇ. 2ರ ಆಸುಪಾಸಿನಲ್ಲೇ ಅಪಾಯ ಶುರುವಾಗುತ್ತದೆ. ಮುಚ್ಚಿದ ಫರ್ನೇಸ್‌ನಲ್ಲಿ ಅಂಥ ಮಿಶ್ರಣ ಒಮ್ಮೆಲೇ ಉರಿದರೆ ಬಾಗಿಲು ಕಿತ್ತು ಹಾರುತ್ತದೆ.

ಫರ್ನೇಸ್‌ನಷ್ಟೇ ಗಾಳಿ ಒಳಗೆ ಹೋದರೆ ಹಳೆಯದೆಲ್ಲ ಹೊರಗೆ ಬಂತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಹೊಸ ಗಾಳಿ ಹಳೆಯದರ ಜೊತೆ ಬೆರೆಯುತ್ತಾ ಹೋಗುತ್ತದೆ. ಪೂರ್ತಿ ಬೆರೆಯುತ್ತದೆ ಎಂದು ಲೆಕ್ಕ ಹಾಕಿದರೆ, ಒಂದು ಸಲ ಬದಲಾದ ಮೇಲೂ ಶೇ. 37ರಷ್ಟು ಹಳೆಯದು ಒಳಗೇ ಇರುತ್ತದೆ. ಎರಡು ಸಲಕ್ಕೆ ಶೇ. 13ಕ್ಕಿಂತ ಜಾಸ್ತಿ, ನಾಲ್ಕು ಸಲಕ್ಕೆ ಶೇ. 2ರಷ್ಟು. ಅಂದರೆ ನಾಲ್ಕು ಸಲದ ಪರ್ಜ್ ಅನ್ನು ಅರ್ಧ ಮಾಡಿದರೆ ಒಳಗೆ ಉಳಿಯುವ ಗ್ಯಾಸ್ ಸುಮಾರು ಏಳು ಪಟ್ಟಾಗುತ್ತದೆ! ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 85 ಮಾನದಂಡ ಫೈರ್‌ಟ್ಯೂಬ್ (ಟ್ಯೂಬ್ ಒಳಗೆ ಹೊಗೆ ಹೋಗುವ) ಬಾಯ್ಲರ್‌ಗೆ ಕನಿಷ್ಠ 4 ಸಲ, ವಾಟರ್‌ಟ್ಯೂಬ್‌ಗೆ (ಟ್ಯೂಬ್ ಒಳಗೆ ನೀರು ಇರುವುದಕ್ಕೆ) ಕನಿಷ್ಠ 8 ಸಲ ಗಾಳಿ ಬದಲಾಗಬೇಕು ಎನ್ನುತ್ತದೆ. ಫರ್ನೇಸ್ ಮತ್ತು ಹೊಗೆದಾರಿ ಸೇರಿ 10 ಘನ ಮೀಟರ್ ಇದ್ದು, ಬ್ಲೋವರ್ ನಿಮಿಷಕ್ಕೆ 40 ಘನ ಮೀಟರ್ ಕೊಟ್ಟರೆ ನಾಲ್ಕು ಸಲಕ್ಕೆ ಸರಿಯಾಗಿ ಒಂದು ನಿಮಿಷ ಬೇಕು.

ಟೈಮರ್ ಮುಟ್ಟದೆಯೂ ಪರ್ಜ್ ಕೆಡಬಹುದು. ಗಾಳಿಯ ದಾರಿಯ ಬಾಗಿಲಾದ ಡ್ಯಾಂಪರ್ ಅರ್ಧ ತೆರೆದಿದ್ದರೆ ಸಮಯ ಅಷ್ಟೇ, ಗಾಳಿ ಮಾತ್ರ ಕಡಿಮೆ. ಅದನ್ನು ತಿರುಗಿಸುವ ಸರಳು (ಲಿಂಕೇಜ್) ಸಡಿಲವಾದರೆ ಪ್ಯಾನೆಲ್ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವಾಗ ಡ್ಯಾಂಪರ್ ಪೂರ್ತಿ ತೆರೆದುಕೊಂಡು, ಹೊತ್ತಿಸುವ ಮುಂಚೆ ಲೋ ಫೈರ್‌ಗೆ (ಕಡಿಮೆ ಬೆಂಕಿಯ ಸ್ಥಾನಕ್ಕೆ) ವಾಪಸ್ ಬರುವುದನ್ನು ಹತ್ತಿರ ನಿಂತು ಕಣ್ಣಾರೆ ನೋಡಿ. ಗಾಳಿ ಬರುತ್ತಿದೆಯಾ ಎಂದು ನೋಡುವ ಏರ್ ಪ್ರೆಶರ್ ಸ್ವಿಚ್‌ಗೆ ಯಾರಾದರೂ ಜಂಪರ್ (ಸ್ವಿಚ್ ತಪ್ಪಿಸುವ ತಂತಿ) ಹಾಕಿದ್ದರೆ ಅವತ್ತೇ ತೆಗೆಸಿ. ಅದನ್ನು ನಾಳೆಗೆ ಬಿಡುವ ಹಾಗಿಲ್ಲ.

ಇನ್ನು ಬಿಸಿ ಬಾಯ್ಲರ್ ವಿಷಯ. ಬೆಂಕಿ ಆರಿದ್ದು, ಬೆಂಕಿ ಇದೆಯಾ ಎಂದು ನೋಡುವ ಸ್ಕ್ಯಾನರ್‌ಗೆ ತಿಳಿದು ವಾಲ್ವ್ ಮುಚ್ಚುವುದರೊಳಗೆ ಸ್ವಲ್ಪ ಗ್ಯಾಸ್ ಒಳಗೆ ಹೋಗಿರುತ್ತದೆ. ಕಾದ ರಿಫ್ರಾಕ್ಟರಿ (ಶಾಖ ತಡೆದುಕೊಳ್ಳುವ) ಇಟ್ಟಿಗೆಯೇ ಅದಕ್ಕೆ ಕಿಡಿಯಾಗಬಹುದು. ಎಣ್ಣೆ ಬರ್ನರ್‌ನಲ್ಲಿ ಇದು ಇನ್ನೂ ಕೆಟ್ಟದು. ಹೊತ್ತದ ಎಣ್ಣೆ ಬಿಸಿ ನೆಲದ ಮೇಲೆ ಆವಿಯಾಗುತ್ತಲೇ ಇರುತ್ತದೆ. ಹೌದು, ತಣ್ಣನೆ ಗಾಳಿ ಊದಿದರೆ ಶಾಖ ನಷ್ಟವಾಗುತ್ತದೆ. ಆ ನಷ್ಟ ತಪ್ಪಿಸಬೇಕೆಂದರೆ ಬರ್ನರ್ ಪದೇ ಪದೇ ಆನ್-ಆಫ್ ಆಗುವುದನ್ನು ತಪ್ಪಿಸಿ. ಬಾಯ್ಲರ್ ಪ್ರೆಶರ್ ಸ್ವಿಚ್ ಆನ್ ಮತ್ತು ಆಫ್ ಆಗುವ ಒತ್ತಡಗಳ ಅಂತರ, ಲೋ ಫೈರ್ ಸೆಟ್ಟಿಂಗ್ ಎರಡನ್ನೂ ಅನುಭವಿ ಟೆಕ್ನಿಷಿಯನ್ ಕೈಯಲ್ಲಿ ಸರಿ ಮಾಡಿಸಿ. ಸಮಯ ಉಳಿಯುವುದು ಅಲ್ಲಿ.

ಸ್ಟಾರ್ಟ್ ಒತ್ತುವ ಮುಂಚಿನ ಬೇರೆ ಕೆಲಸಗಳು ನಿಮಗೆ ಗೊತ್ತೇ ಇರುತ್ತವೆ: ಗೇಜ್ ಗ್ಲಾಸ್ (ನೀರಿನ ಮಟ್ಟ ತೋರಿಸುವ ಗಾಜು) ಬ್ಲೋಡೌನ್ ಮಾಡಿ, ಅಂದರೆ ಅದರ ನೀರನ್ನು ಹೊರಬಿಟ್ಟು, ನೀರಿನ ಮಟ್ಟ ನೋಡುವುದು, ಗ್ಯಾಸ್ ಒತ್ತಡ ನೋಡುವುದು, ಸ್ಕ್ಯಾನರ್ ಗಾಜು ಒರೆಸುವುದು. ರಿಪೇರಿ ಆದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಗ್ಯಾಸ್ ಪೈಪಿನ ಸೇಫ್ಟಿ ಶಟಾಫ್ ವಾಲ್ವ್‌ಗಳನ್ನು ದಾಟಿದ ಮೇಲೆ ಬರ್ನರ್ ಕಡೆ ಇರುವ ಕೈ ವಾಲ್ವ್ ಮುಚ್ಚಿ. ಪೈಲಟ್‌ನ (ಮೊದಲು ಹೊತ್ತುವ ಸಣ್ಣ ಬೆಂಕಿಯ) ಕೈ ವಾಲ್ವ್ ಕೂಡ ಮುಚ್ಚಿ. ಆಮೇಲೆ ಸ್ಟಾರ್ಟ್ ಕೊಡಿ. ಪರ್ಜ್ ಮುಗಿದು ಕಿಡಿ ಬರಬೇಕು, ಬೆಂಕಿ ಕಾಣದೆ ಬರ್ನರ್ ಲಾಕೌಟ್ ಆಗಬೇಕು, ಅಂದರೆ ರೀಸೆಟ್ ಒತ್ತುವವರೆಗೆ ನಿಂತುಬಿಡಬೇಕು. ಬೆಂಕಿಯೇ ಇಲ್ಲದೆ ಫ್ಲೇಮ್ ಸಿಗ್ನಲ್ ತೋರಿಸಿದರೆ ಸ್ಕ್ಯಾನರ್ ಕಿಡಿಯನ್ನೇ ಬೆಂಕಿ ಅಂದುಕೊಂಡಿರಬಹುದು. ಅಂಥ ಬಾಯ್ಲರ್‌ಗೆ ಗ್ಯಾಸ್ ಬಿಡಬೇಡಿ.

ನಿಜವಾದ ಲಾಕೌಟ್ ಬಂದಾಗ ಸುಮ್ನೆ ರೀಸೆಟ್ ಒತ್ತುತ್ತಾ ಹೋಗಬೇಡಿ. ಪ್ರತಿ ಪ್ರಯತ್ನಕ್ಕೂ ಇನ್ನಷ್ಟು ಇಂಧನ ಒಳಗೆ ಹೋಗುತ್ತದೆ. ಮೊದಲು ಪ್ಯಾನೆಲ್ ತೋರಿಸುವ ಕೋಡ್ ಲಾಗ್‌ಬುಕ್‌ನಲ್ಲಿ ಬರೆಯಿರಿ, ಕಾರಣ ಹುಡುಕಿ, ಎಣ್ಣೆ ಬರ್ನರ್ ಆದರೆ ಒಳಗೆ ಎಣ್ಣೆ ನಿಂತಿದೆಯಾ ನೋಡಿ. ಆಮೇಲೆ ಪೂರ್ತಿ ಪರ್ಜ್ ಜೊತೆ ಒಂದು ಸಲ ಪ್ರಯತ್ನಿಸಿ. ಅದೂ ವಿಫಲವಾದರೆ ಇಂಧನದ ಕೈ ವಾಲ್ವ್ ಮುಚ್ಚಿ ಬರ್ನರ್ ಟೆಕ್ನಿಷಿಯನ್‌ಗೆ ಕರೆ ಮಾಡಿ.