ಕಾನಾ ಊರಿನ ಆರು ಬಾನೆಗಳು

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ. ಹಿಂದಿನ ಸಂಜೆಯೇ ಹಿರಿಯ ಹೆಂಗಸರೊಬ್ಬರು ಕಪ್ಪು ದ್ರಾಕ್ಷಿ ತೊಳೆದು, ಸ್ವಲ್ಪ ನೀರು ಹಾಕಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಆರಿಸಿ ಬಾಟಲಿಗೆ ತುಂಬುತ್ತಾರೆ. ಬೆಳಿಗ್ಗೆ ಅದು ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಲೋಟಗಳಿಗೆ ಇಳಿಯುತ್ತದೆ. ಅದೇ ರಸ್ತೆಯ ತುದಿಯಲ್ಲಿರುವ ಕಥೋಲಿಕ ದೇವಾಲಯದಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಗುರುಗಳು ಎತ್ತಿ ಹಿಡಿಯುವ ಪಾತ್ರೆಯಲ್ಲಿ ಇರುವುದು ಹುದುಗು ಬಂದ ವೈನ್. ಎರಡನ್ನೂ ನಾವು ಕರೆಯುವುದು ದ್ರಾಕ್ಷಾರಸ ಎಂದೇ.

ಈ ಒಂದು ಪದದೊಳಗೆ ಇನ್ನೂರು ವರ್ಷಗಳ ಜಗಳ ಅಡಗಿದೆ. ಕಾನಾ ಊರಿನ ಮದುವೆಯಲ್ಲಿ ಆರು ಬಾನೆಗಳಲ್ಲಿ, ಅಂದರೆ ದೊಡ್ಡ ಕಲ್ಲಿನ ಪಾತ್ರೆಗಳಲ್ಲಿ, ತುಂಬಿದ್ದ ನೀರನ್ನು ಯೇಸು ಏನಾಗಿ ಮಾರ್ಪಡಿಸಿದನು? ಹಣ್ಣಿನ ರಸವಾಗಿಯೋ, ಅಮಲೇರಿಸುವ ಪಾನೀಯವಾಗಿಯೋ? ಪ್ರತಿ ವರ್ಷ ಕ್ರಿಸ್ಮಸ್ ಹತ್ತಿರ ಬಂದಂತೆ ಈ ಪ್ರಶ್ನೆ ಏಳುತ್ತದೆ. ಒಬ್ಬರು ಕುಡಿತವನ್ನು ತೆಗಳುವ ಜ್ಞಾನೋಕ್ತಿಯ ವಚನ ಕಳುಹಿಸುತ್ತಾರೆ, ಇನ್ನೊಬ್ಬರು ಸ್ವಲ್ಪ ಕುಡಿ ಎಂದು ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮಾತನ್ನು ಕಳುಹಿಸುತ್ತಾರೆ, ಹಬ್ಬದ ಊಟದ ಮೇಜಿನಲ್ಲಿ ಮುಖಗಳು ಗಂಟಾಗುತ್ತವೆ. ವಾದ ಎಲ್ಲಿಂದ ಹೊರಟಿತು, ಹೇಗೆ ಸಿಕ್ಕುಬಿದ್ದಿತು ಎಂದು ಒಮ್ಮೆ ಎಳೆ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಕನ್ನಡದ ಸಿಕ್ಕು. ರಸ ಎಂದರೆ ನಮಗೆ ಕಬ್ಬಿನ ರಸ, ನಿಂಬೆ ರಸ. ಹಿಂಡಿದ ಕೂಡಲೇ ಕುಡಿಯುವಂಥದ್ದು. ಹಾಗಾಗಿ ದ್ರಾಕ್ಷಾರಸ ಎಂದು ಓದಿದವನ ಮನಸ್ಸಿನಲ್ಲಿ ಮೂಡುವುದು ತಾಜಾ ಹಣ್ಣಿನ ಪಾನೀಯವೇ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇರುವ ಪದ ಓಯ್ನೋಸ್. ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ಓಯ್ನೋಸ್ ತೆಗೆದುಕೋ ಎಂದು ಪೌಲ ತಿಮೊಥೆಯನಿಗೆ ಬರೆದಾಗ ನಮ್ಮಲ್ಲಿ ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಅದು ‘ದ್ರಾಕ್ಷಾರಸ’. ಓಯ್ನೋಸ್ ಕುಡಿದು ಮತ್ತರಾಗಬೇಡಿರಿ ಎಂದು ಎಫೆಸದವರಿಗೆ ಬರೆದಾಗ ಅದೇ ಪದ ‘ಮದ್ಯಪಾನ’ವಾಗುತ್ತದೆ. ಅನುವಾದಕರ ಉದ್ದೇಶದಲ್ಲಿ ದೋಷವಿಲ್ಲ. ಆಯಾ ಸಂದರ್ಭಕ್ಕೆ ಒಪ್ಪುವ ಪದ ಹುಡುಕಿದ್ದಾರೆ. ಆದರೆ ಕನ್ನಡದಲ್ಲಿ ಮಾತ್ರ ಓದುವವರಿಗೆ ಇವು ಎರಡು ಬೇರೆ ಪಾನೀಯಗಳೆಂದೇ ತೋರುತ್ತದೆ.

ಹೀಬ್ರೂ ಭಾಷೆಯಲ್ಲಿಯೂ ಹೀಗೆಯೇ. ಹಳೆ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುವ ಪದ ಯಾಯಿನ್. ಅದು ಮೊದಲು ಕಾಣಿಸಿಕೊಳ್ಳುವುದೇ ನೋಹ ಕುಡಿದು ಮತ್ತನಾಗಿ ಗುಡಾರದಲ್ಲಿ ಬಟ್ಟೆಯಿಲ್ಲದೆ ಬಿದ್ದ ಪ್ರಸಂಗದಲ್ಲಿ. ಮನುಷ್ಯನ ಹೃದಯವನ್ನು ಸಂತೋಷಪಡಿಸುತ್ತದೆ ಎಂದು 104ನೆಯ ಕೀರ್ತನೆ ಹೊಗಳುವುದು ಯಾಯಿನ್ ಅನ್ನು, ಪರಿಹಾಸ್ಯಕ್ಕೆ ಗುರಿಮಾಡುತ್ತದೆ ಎಂದು ಜ್ಞಾನೋಕ್ತಿಗಳು ತೆಗಳುವುದೂ ಯಾಯಿನ್ ಅನ್ನೇ. ಅರಣ್ಯಕಾಂಡದ ಆರನೆಯ ಅಧ್ಯಾಯ ಇನ್ನೂ ಸ್ಪಷ್ಟ. ತನ್ನನ್ನು ದೇವರಿಗೆ ಮೀಸಲಿಡುವ ನಾಜೀರ ವ್ರತ ಹಿಡಿದವನು ಯಾಯಿನ್ ಕುಡಿಯಬಾರದು, ಮದ್ಯ ಕುಡಿಯಬಾರದು, ಅವುಗಳ ಹುಳಿಯನ್ನೂ ಕುಡಿಯಬಾರದು, ದ್ರಾಕ್ಷಿಯನ್ನು ನೆನೆಸಿದ ರಸವನ್ನೂ ಮುಟ್ಟಬಾರದು, ಹಸಿ ದ್ರಾಕ್ಷಿಯನ್ನಾಗಲಿ ಒಣದ್ರಾಕ್ಷಿಯನ್ನಾಗಲಿ ತಿನ್ನಬಾರದು. ಇಲ್ಲಿ ಹಣ್ಣಿನ ರಸಕ್ಕೆ ಬೇರೆಯದೇ ಹೆಸರಿದೆ. ಯಾಯಿನ್ ಎಂದರೇ ರಸವಾಗಿದ್ದರೆ ಎರಡನ್ನು ಬಿಡಿಸಿ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ಇನ್ನೊಂದು ಪದ ತೀರೋಶ್. ಇದು ಹೊಸ ದ್ರಾಕ್ಷಾರಸ. ಯೆಶಾಯನ 65ನೆಯ ಅಧ್ಯಾಯದಲ್ಲಿ ಗೊಂಚಲಿನಲ್ಲಿಯೇ ತೀರೋಶ್ ಇದೆ ಎಂಬ ಮಾತು ಬರುತ್ತದೆ. ಅಮಲಿಲ್ಲದ ರಸ ಇತ್ತೆಂದು ವಾದಿಸುವವರ ಗಟ್ಟಿ ಆಧಾರ ಇದು. ಫರೋಹನ ಪಾನದಾಯಕನು ಕನಸಿನಲ್ಲಿ ಹಣ್ಣನ್ನು ನೇರವಾಗಿ ಬಟ್ಟಲಿಗೆ ಹಿಂಡಿದ್ದನ್ನೂ ಅವರು ತೋರಿಸುತ್ತಾರೆ. ಆದರೆ ಯಾಯಿನ್ ಜೊತೆಗೆ ತೀರೋಶ್ ಕೂಡ ಬುದ್ಧಿಯನ್ನು ಕೆಡಿಸುತ್ತದೆ ಎಂದು ಪ್ರವಾದಿ ಹೋಶೇಯನು ಹೇಳುತ್ತಾನೆ.

ಪದಗಳ ಚರ್ಚೆ ಸಾಕು. ಇದನ್ನು ನಮ್ಮ ಕರಾವಳಿಯವರಿಗೆ ನಿಘಂಟಿಲ್ಲದೆಯೇ ವಿವರಿಸಬಹುದು. ತೆಂಗಿನ ಹೊಂಬಾಳೆಯಿಂದ ತೊಟ್ಟಿಕ್ಕುವ ರಸ ಮುಂಜಾನೆ ಸಿಹಿ. ಗಡಿಗೆಯ ಒಳಗೆ ಸುಣ್ಣ ಸವರಿದ್ದರೆ ಸಿಹಿಯಾಗಿಯೇ ಉಳಿಯುತ್ತದೆ. ಸವರದಿದ್ದರೆ ಬಿಸಿಲೇರುವಷ್ಟರಲ್ಲಿ ನೊರೆ ಬಂದು ಶೇಂದಿಯಾಗುತ್ತದೆ. ಯಾರೂ ಅದಕ್ಕೆ ಏನನ್ನೂ ಬೆರೆಸಬೇಕಿಲ್ಲ. ದ್ರಾಕ್ಷಿಯ ಕಥೆಯೂ ಇದೇ. ತುಳಿಯುವ ತೊಟ್ಟಿಯಲ್ಲಿ, ಹಣ್ಣಿನ ಸಿಪ್ಪೆಯ ಮೇಲೆ ಯೀಸ್ಟ್ ತಾನಾಗಿಯೇ ಇರುತ್ತದೆ. ಯೇಸುವಿನ ನಾಡಿನ ಬಿಸಿಲಿನಲ್ಲಿ ಹಿಂಡಿದ ರಸ ಒಂದೆರಡು ದಿನದೊಳಗೆ ಕುದಿಯುವಂತೆ ಗುಳ್ಳೆ ಏಳಿಸುತ್ತದೆ. ಹೊಸ ದ್ರಾಕ್ಷಾರಸವನ್ನು ಹಳೆಯ ಬುದ್ದಲಿಯಲ್ಲಿ, ಅಂದರೆ ಚರ್ಮದ ಚೀಲದಲ್ಲಿ, ಹಾಕಿದರೆ ಬುದ್ದಲಿ ಒಡೆದುಹೋಗುತ್ತದೆ ಎಂಬ ಯೇಸುವಿನ ಉಪಮಾನ ಹುಟ್ಟಿದ್ದು ಇದರಿಂದಲೇ. ಹುದುಗಿನ ಗಾಳಿ ಒತ್ತಿದಾಗ ಹೊಸ ಚರ್ಮ ಹಿಗ್ಗುತ್ತದೆ, ಒಣಗಿದ ಹಳೆಯ ಚರ್ಮ ಸೀಳುತ್ತದೆ. ಕೇಳಿಸಿಕೊಂಡ ರೈತರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ.

ಅಲ್ಲಿ ದ್ರಾಕ್ಷಿ ಕೊಯ್ಲು ಬೇಸಿಗೆಯ ಕೊನೆಗೆ, ಹೆಚ್ಚೆಂದರೆ ಸೆಪ್ಟೆಂಬರ್ ಆಸುಪಾಸಿಗೆ ಮುಗಿಯುತ್ತದೆ. ಯೇಸು ಕಡೆಯ ಊಟ ಮಾಡಿದ ಯೆಹೂದ್ಯರ ಪಸ್ಕ ಹಬ್ಬ ಬರುವುದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಕಡೆಯ ರಾತ್ರಿ ಭೋಜನದ ಪಾತ್ರೆಯಲ್ಲಿ ತಾಜಾ ರಸ ಇದ್ದಿರಬೇಕೆಂದರೆ ಅದು ಆರು ತಿಂಗಳು ಹಾಗೆಯೇ ಉಳಿದಿರಬೇಕು. ರಸವನ್ನು ಕಾಯಿಸಿ ಬೆಲ್ಲದ ಪಾಕದಂತೆ ಗಟ್ಟಿ ಮಾಡುವ ಪದ್ಧತಿ ಆ ಕಾಲದಲ್ಲಿ ಇತ್ತು, ನಿಜ. ಹೊಸ ರಸವನ್ನು ಹೂಜಿಯಲ್ಲಿ ತುಂಬಿ, ಬಾಯಿಗೆ ರಾಳ ಮೆತ್ತಿ, ಮೂವತ್ತು ದಿನ ಕೊಳದಲ್ಲಿ ಮುಳುಗಿಸಿಟ್ಟರೆ ವರ್ಷವಿಡೀ ಸಿಹಿಯಾಗಿರುತ್ತದೆ ಎಂದು ರೋಮಿನ ಕ್ಯಾಟೊ ಕೃಷಿಯ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದಾನೆ. ಅದೊಂದು ವಿಶೇಷ ಉಪಾಯ, ಎಲ್ಲರ ಮನೆಯ ಪಾನೀಯವಲ್ಲ. ಯೆರೂಸಲೇಮಿನ ವಾಯುವ್ಯಕ್ಕಿರುವ ಗಿಬ್ಯೋನಿನಲ್ಲಿ 1950ರ ದಶಕದಲ್ಲಿ ಜೇಮ್ಸ್ ಪ್ರಿಚರ್ಡ್ ಅಗೆದಾಗ ಬಂಡೆಯಲ್ಲಿ ಕೊರೆದ 63 ನೆಲಮಾಳಿಗೆಗಳು ಸಿಕ್ಕವು. ಬಾಯಿ ಕಿರಿದು, ಒಳಗೆ ಅಗಲ, ಬೇಸಿಗೆಯಲ್ಲೂ ತಂಪು: ವೈನ್ ಕೂಡಿಡಲೆಂದೇ ಕೊರೆದ ಗುಂಡಿಗಳು.

ಇಲ್ಲಿ ಇನ್ನೊಂದು ಬದಿಯ ಸತ್ಯವನ್ನೂ ಹೇಳಬೇಕು. ಅಂದಿನ ವೈನ್ ಇಂದಿನ ವಿಸ್ಕಿಯಲ್ಲ. ಭಟ್ಟಿ ಇಳಿಸುವ ವಿದ್ಯೆಯಿಂದ ಕುಡಿಯುವ ಮದ್ಯ ತಯಾರಾದದ್ದು ಎಷ್ಟೋ ಶತಮಾನಗಳ ನಂತರ. ತಾನಾಗಿ ಹುದುಗಿದ ರಸದಲ್ಲಿ ಮದ್ಯಸಾರ ಶೇ. 14 ಅಥವಾ 15ರ ಆಚೆಗೆ ಏರುವುದು ಅಪರೂಪ. ಯೇಸುವಿನ ಕಾಲಕ್ಕೆ ಅದಕ್ಕೆ ನೀರು ಬೆರೆಸಿ ಕುಡಿಯುವುದೇ ಮರ್ಯಾದೆಯ ರೂಢಿ. ಮೂರು ಪಾಲು ನೀರು ತಾಳಿಕೊಳ್ಳದ ವೈನ್ ವೈನೇ ಅಲ್ಲ ಎಂಬ ಮಾತು ಯೆಹೂದ್ಯರ ಧರ್ಮಗ್ರಂಥ ತಾಲ್ಮುಡ್‌ನಲ್ಲಿದೆ. ಹಾಗಿದ್ದರೂ ಕುಡಿದವರಿಗೆ ಅಮಲೇರುತ್ತಿತ್ತು. ಕೊರಿಂಥದ ಸಭೆಯಲ್ಲಿ ಕರ್ತನ ಭೋಜನಕ್ಕೆ ಕೂತಾಗಲೇ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಮತ್ತನಾಗಿರುತ್ತಾನೆ ಎಂದು ಪೌಲ ಗದರಿದ್ದಾನೆ. ಕಾನಾದ ಆರು ಕಲ್ಲಿನ ಬಾನೆಗಳಲ್ಲಿ, ಯೋಹಾನನು ಕೊಟ್ಟ ಅಳತೆಯ ಪ್ರಕಾರ, ಸುಮಾರು 450ರಿಂದ 700 ಲೀಟರ್ ಹಿಡಿಯುತ್ತಿತ್ತು. ಜನ ಚೆನ್ನಾಗಿ ಕುಡಿದ ಮೇಲೆ ಕೀಳು ದ್ರಾಕ್ಷಾರಸ ಕೊಡುವುದು ವಾಡಿಕೆ, ನೀನಾದರೋ ಒಳ್ಳೆಯದನ್ನು ಈವರೆಗೆ ಇಟ್ಟುಕೊಂಡಿದ್ದೀ ಎಂದು ಮದುಮಗನಿಗೆ ಹೇಳುತ್ತಾನೆ ಔತಣದ ಪಾರುಪತ್ಯಗಾರ. ಆ ಮಾತಿಗೆ ಅರ್ಥ ಬರುವುದು ಕುಡಿದವರ ನಾಲಿಗೆ ಮಂದವಾಗಿದ್ದರೆ ಮಾತ್ರ.

ಆಮೇಲಿನ ಸಾವಿರದ ಎಂಟುನೂರು ವರ್ಷಗಳನ್ನು ಬೇಗ ದಾಟಬಹುದು. ಮೂರನೆಯ ಶತಮಾನದಲ್ಲಿ ಪಾತ್ರೆಯಲ್ಲಿ ಬರೀ ನೀರು ಬಳಸುತ್ತಿದ್ದವರನ್ನು ಕಾರ್ಥೇಜಿನ ಬಿಷಪ್ ಸಿಪ್ರಿಯನ್ ತಿದ್ದಿದ. ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ದಿನಕ್ಕಿಷ್ಟು ವೈನ್ ಎಂದು ಅಳತೆ ಗೊತ್ತುಮಾಡಿದ. ಪಾತ್ರೆ ಗುರುಗಳಿಗೆ ಮಾತ್ರವೋ, ಎಲ್ಲರಿಗೂ ಸಲ್ಲಬೇಕೋ ಎಂದು ಯುರೋಪ್ ರಕ್ತ ಹರಿಸಿತು. ಅದರಲ್ಲಿರುವುದು ಹುದುಗಿದ್ದೋ ಅಲ್ಲವೋ ಎಂಬುದು ಮಾತ್ರ ದೊಡ್ಡ ವಿವಾದವಾಗಲೇ ಇಲ್ಲ.

ಹತ್ತೊಂಬತ್ತನೆಯ ಶತಮಾನ ಅದನ್ನು ವಿವಾದವಾಗಿಸಿತು. ಕಾರಣ ದೇವಶಾಸ್ತ್ರದಲ್ಲಿ ಇರಲಿಲ್ಲ, ಬೀದಿಯಲ್ಲಿತ್ತು. ಇಂಗ್ಲೆಂಡಿನಲ್ಲಿ ಜಿನ್, ಅಮೆರಿಕದಲ್ಲಿ ವಿಸ್ಕಿ ಮತ್ತು ರಮ್ ಅಗ್ಗವಾದವು. 1830ರ ಹೊತ್ತಿಗೆ ಅಮೆರಿಕದ ವಯಸ್ಕನೊಬ್ಬ ವರ್ಷಕ್ಕೆ ಸರಾಸರಿ ಏಳು ಗ್ಯಾಲನ್ ಶುದ್ಧ ಮದ್ಯಸಾರದಷ್ಟು ಕುಡಿಯುತ್ತಿದ್ದ, ಇಂದಿನ ಸುಮಾರು ಮೂರು ಪಟ್ಟು. ಕೂಲಿಯ ಹಣ ಮನೆ ಸೇರುತ್ತಿರಲಿಲ್ಲ. ಹೆಂಡತಿಗೆ ಆಸ್ತಿಯ ಹಕ್ಕಿರಲಿಲ್ಲ, ಬಿಟ್ಟುಹೋಗಲು ದಾರಿಯಿರಲಿಲ್ಲ. ಸಾರಾಯಿ ಪಾಕೆಟ್‌ಗಳ ಕಾಲವನ್ನು, 2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಅದು ನಿಂತ ದಿನವನ್ನು ನೆನಪಿಟ್ಟುಕೊಂಡಿರುವ ಯಾವ ಹೆಣ್ಣುಮಗಳಿಗೂ ಆ ಮನೆಗಳ ಚಿತ್ರ ಅಪರಿಚಿತವಲ್ಲ.

ಮೊದಮೊದಲ ಸಂಯಮ ಸಂಘಗಳು ಬೇಡವೆಂದದ್ದು ಭಟ್ಟಿ ಇಳಿಸಿದ ಮದ್ಯವನ್ನು ಮಾತ್ರ. ವೈನ್, ಬಿಯರ್ ಪರವಾಗಿಲ್ಲ ಎಂದಿದ್ದವು. 1832ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಊರಿನಲ್ಲಿ ಜೋಸೆಫ್ ಲೈವ್ಸಿ ಮತ್ತು ಆರು ಮಂದಿ ಗೆಳೆಯರು ಯಾವ ಮದ್ಯವನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆಗೆ ಸಹಿ ಹಾಕಿದರು. ಸಂಪೂರ್ಣ ವರ್ಜನೆಯ ಚಳವಳಿ ಅಲ್ಲಿಂದ ಹಬ್ಬಿತು. ಅದರ ಬೆನ್ನಿಗೇ ಬೈಬಲಿನ ಕಷ್ಟವೂ ಬಂತು. ಮದ್ಯ ವಿಷವೆಂದಾದರೆ ಯೇಸು ಮದುವೆಮನೆಗೆ ಕೊಟ್ಟದ್ದೇನು? ಪ್ರತಿಜ್ಞೆ ಮಾಡಿದ ಮಾಜಿ ಕುಡುಕನಿಗೆ ಸಭೆಯೇ ಪಾತ್ರೆ ನೀಡಿದರೆ ಗತಿ ಏನು? ಈ ಎರಡನೆಯ ಪ್ರಶ್ನೆ ನಿಜವಾದದ್ದು, ಎದೆ ಕಲಕುವಂಥದ್ದು. ಉತ್ತರ ಹುಡುಕಿದ್ದು ಮಾತ್ರ ಮೊದಲನೆಯದಕ್ಕೆ.

ಹಾಗೆ ರೂಪುಗೊಂಡದ್ದೇ ಎರಡು ದ್ರಾಕ್ಷಾರಸಗಳ ಸಿದ್ಧಾಂತ. ಯೂನಿಯನ್ ಕಾಲೇಜಿನ ಎಲಿಫಲೆಟ್ ನಾಟ್, ಆಂಡೋವರ್‌ನ ಹೀಬ್ರೂ ಪಂಡಿತ ಮೋಸೆಸ್ ಸ್ಟುವರ್ಟ್ ಮೊದಲಾದವರು ಅದಕ್ಕೆ ಬಲ ಕೊಟ್ಟರು. 1868ರಲ್ಲಿ ಫ್ರೆಡರಿಕ್ ಲೀಸ್ ಮತ್ತು ಡಾಸನ್ ಬರ್ನ್ಸ್ ಬೈಬಲಿನ ಒಂದೊಂದೇ ವಚನ ಹಿಡಿದು ಟೀಕೆ ಬರೆದರು. ಸಾರವಿಷ್ಟು: ಶಾಸ್ತ್ರ ಹೊಗಳಿದ ಕಡೆ ಹುದುಗದ ರಸ, ತೆಗಳಿದ ಕಡೆ ಹುದುಗಿದ ಮದ್ಯ. ಓದಿದರೆ ಅವರ ಶ್ರಮಕ್ಕೆ ಗೌರವ ಹುಟ್ಟುತ್ತದೆ. ಆದರೆ ಯಾವುದು ರಸ, ಯಾವುದು ಮದ್ಯ ಎಂದು ಪದ ಹೇಳುವುದಿಲ್ಲ, ನಮ್ಮ ಇಷ್ಟ ಹೇಳುತ್ತದೆ ಎಂಬ ಆಕ್ಷೇಪಕ್ಕೆ ಆ ಪುಟಗಳಲ್ಲಿ ನನಗೆ ಉತ್ತರ ಸಿಕ್ಕಿಲ್ಲ.

ಮುಂದಿನ ವರ್ಷವೇ ವಾದಕ್ಕೆ ಬಾಟಲಿ ಸಿಕ್ಕಿತು. ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯರಿದ್ದರು. ಮೆಥೋಡಿಸ್ಟ್ ಪಂಥದ ಸಭೆಯಲ್ಲಿ ಕರ್ತನ ಭೋಜನದ ಸಿದ್ಧತೆ ಅವರ ಹೊಣೆ. ಕಾಯಿಸಿದರೆ ವೈನ್ ಕೆಡುವುದಿಲ್ಲವೆಂದು ಫ್ರಾನ್ಸಿನಲ್ಲಿ ಲೂಯಿ ಪಾಸ್ಚರ್ ತೋರಿಸಿ ಕೆಲವೇ ವರ್ಷಗಳಾಗಿದ್ದವು. 1869ರಲ್ಲಿ ವೆಲ್ಚ್ ಮನೆಯ ಅಡುಗೆಕೋಣೆಯಲ್ಲಿಯೇ ದ್ರಾಕ್ಷಿ ಬೇಯಿಸಿ, ಬಟ್ಟೆಯ ಚೀಲದಲ್ಲಿ ಹಿಂಡಿ ಸೋಸಿ, ಬಾಟಲಿಗೆ ತುಂಬಿ ಮುಚ್ಚಿ, ಬಾಟಲಿ ಸಮೇತ ಕುದಿಯುವ ನೀರಿನಲ್ಲಿಟ್ಟರು. ಯೀಸ್ಟ್ ಸತ್ತಿತು, ರಸ ರಸವಾಗಿಯೇ ಉಳಿಯಿತು. ‘ಹುದುಗಿಸದ ವೈನ್’ ಎಂದು ಮಾರಲು ಹೊರಟರೆ ಸಭೆಗಳು ಕೊಳ್ಳಲಿಲ್ಲ. ನಾಲ್ಕು ವರ್ಷಗಳಲ್ಲಿ ಕೈಬಿಟ್ಟು ಹಲ್ಲಿನ ಕೆಲಸಕ್ಕೆ ಮರಳಿದರು. ಅದನ್ನು ದೊಡ್ಡ ಉದ್ಯಮವಾಗಿಸಿದ್ದು ಮಗ ಚಾರ್ಲ್ಸ್. 1880ರ ಹೊತ್ತಿಗೆ ಅಮೆರಿಕದ ಮೆಥೋಡಿಸ್ಟರು ಸಾಧ್ಯವಾದಲ್ಲೆಲ್ಲ ಹುದುಗದ ರಸವನ್ನೇ ಬಳಸಬೇಕೆಂದು ನಿಯಮ ಮಾಡಿಕೊಂಡರು. ರೋಗಾಣುಗಳ ಭಯ ಹಬ್ಬಿದ 1890ರ ದಶಕದಲ್ಲಿ ಒಂದೇ ಪಾತ್ರೆಯ ಬದಲು ತಲೆಗೊಂದರಂತೆ ಪುಟ್ಟ ಲೋಟ ಬಂತು. ನಮ್ಮ ಸಭೆಯ ಆ ಹೆಬ್ಬೆರಳ ಲೋಟಗಳ ಮೂಲ ಯೇಸುವಿನ ಗಲಿಲಾಯದಲ್ಲಿಲ್ಲ, ಅಲ್ಲಿದೆ.

ಬೀದರ್, ಕೋಲಾರಗಳಲ್ಲಿ ಕೆಲಸ ಮಾಡಿದ ಅಮೆರಿಕನ್ ಮೆಥೋಡಿಸ್ಟರು ಇದೇ ಪರಂಪರೆಯವರು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನ ದಾರಿ ಬೇರೆ. ಅವರ ಸಭೆ ಸೇರಿದ ಅನೇಕರು ಶೇಂದಿ ಇಳಿಸುತ್ತಿದ್ದ ಬಿಲ್ಲವರು. ಆ ಕಸುಬು ಬಿಡಬೇಕೆಂದು ಮಿಷನ್ ಕೇಳಿತು; ಬಿಟ್ಟವರಿಗೆ ಅನ್ನ ಬೇಕಲ್ಲ? ನೇಯ್ಗೆ ಮತ್ತು 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆಗಳ ಹಿಂದೆ ಈ ಪ್ರಶ್ನೆಯೂ ಇತ್ತು. ಕುಡಿಯಬಾರದು ಎಂಬ ಬೋಧನೆ ನಮ್ಮ ನಾಡಿನಲ್ಲಿ ಬೇರುಬಿಟ್ಟದ್ದು ವ್ಯಾಕರಣದಿಂದಲ್ಲ, ಇಂಥ ಕಷ್ಟದ ಬದುಕುಗಳಿಂದ.

ವರ್ಜನೆಗೆ ಬಾನೆಯಲ್ಲಿದ್ದದ್ದನ್ನು ಬದಲಿಸುವ ಅಗತ್ಯವೇ ಇರಲಿಲ್ಲ ಎಂದು ನನಗೆ ಅನ್ನಿಸುವುದು ಅದಕ್ಕೇ. ಯೆರೆಮೀಯನ 35ನೆಯ ಅಧ್ಯಾಯದ ರೇಕಾಬ್ಯರೆಂಬ ಕುಲದವರು ಹಿರಿಯರ ಮಾತಿಗೆ ಕಟ್ಟುಬಿದ್ದು ಯಾಯಿನ್ ಮುಟ್ಟಲಿಲ್ಲ, ದೇವರ ಮೆಚ್ಚುಗೆ ಪಡೆದರು. ಸ್ನಾನಿಕ ಯೋಹಾನ ಕುಡಿಯಲಿಲ್ಲ. ಯೇಸು ಕುಡಿದನು, ಕುಡುಕನೆಂಬ ನಿಂದೆಯನ್ನೂ ಹೊತ್ತನು. ಸಹೋದರನಿಗೆ ಎಡವುಗಲ್ಲಾಗುವುದಾದರೆ ಮಾಂಸವನ್ನಾಗಲಿ ಓಯ್ನೋಸ್ ಅನ್ನಾಗಲಿ ಬಿಡುವುದೇ ಒಳ್ಳೆಯದು ಎಂದು ರೋಮಾಪುರದವರಿಗೆ ಪೌಲ ಬರೆದನು. ಅದು ಬರೀ ಹಣ್ಣಿನ ರಸವಾಗಿದ್ದರೆ ಬಿಡುವುದರಲ್ಲಿ ಏನಿತ್ತು?

ಮಾಜಿ ಕುಡುಕನ ಪಾತ್ರೆಯ ಪ್ರಶ್ನೆಗೆ ಉತ್ತರ ಅನಿರೀಕ್ಷಿತ ಕಡೆಯಿಂದ ಬಂದಿದೆ. ವೈನ್ ಕಡ್ಡಾಯ ಎನ್ನುವ ಕಥೋಲಿಕ ಸಭೆಯಲ್ಲಿಯೇ, ಹೊಸದಾಗಿ ಹಿಂಡಿದ ರಸ ಆಗಲೇ ವೈನಿನ ಸ್ವರೂಪದ್ದು, ಅಗತ್ಯ ಬಿದ್ದಾಗ ಅದರಿಂದ ಸಂಸ್ಕಾರ ನಡೆಸಬಹುದು ಎಂದು ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಬರೆದಿದ್ದ. ಅದೇ ನೆಲೆಯಲ್ಲಿ, ಮದ್ಯದ ಚಟದಿಂದ ಹೊರಬಂದ ಗುರುಗಳು ಬಿಷಪರ ಅನುಮತಿ ಪಡೆದು, ಹುದುಗು ಏರದಂತೆ ತಡೆದ ರಸವನ್ನು ಬಲಿಪೂಜೆಯಲ್ಲಿ ಬಳಸಬಹುದೆಂದು ರೋಮ್ ಒಪ್ಪಿದೆ. ಅದನ್ನು ‘ಮುಸ್ತುಮ್’ ಎನ್ನುತ್ತಾರೆ. ರಸದ ಸ್ವರೂಪ ಬದಲಾಗದಂತೆ ಹುದುಗನ್ನು ತಡೆಯಬೇಕು, ಹಿಂಡಿದ ರಸವನ್ನು ಹೆಪ್ಪುಗಟ್ಟಿಸಿಡುವುದು ಅದಕ್ಕೊಂದು ದಾರಿ.