ಯುರೋಪಿಗೆ ಹೋಗುವ ಮೋಟಾರ್ ಮತ್ತು ಇಕೋಡಿಸೈನ್: ಆ ಶೇ 15 ನಮ್ಮದಲ್ಲ

ಪೀಣ್ಯದ ಒಂದು ಮೋಟಾರ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಯುರೋಪಿಗೆ ಹೋಗುವ ಮಾಲಿನ ಫೈಲು ನನ್ನ ಮೇಜಿಗೆ ಬಂದ ಮೇಲೆ ಮೂರು ವಾರ ಇಕೋಡಿಸೈನ್ ನಿಯಮಗಳನ್ನೇ ಓದಿದೆ, ಅಂದರೆ ವಸ್ತುವಿನ ವಿನ್ಯಾಸದಲ್ಲೇ ಇಂಧನ ಉಳಿಸಬೇಕು ಅನ್ನೋ ಯುರೋಪಿನ ನಿಯಮಗಳು. ಅಳತೆಯ ವ್ಯತ್ಯಾಸಕ್ಕೆ ಅದರಲ್ಲಿ ಬಿಟ್ಟಿರುವ ಶೇ 15ರಲ್ಲೇ ನಾನು ಸಿಕ್ಕಿಬಿದ್ದೆ. ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಂಡಕ್ಷನ್ ಮೋಟಾರ್ ಹೇಗೆ ತಿರುಗುತ್ತದೆ, ಸಿಇ ಗುರುತು ಅಂದರೆ ಏನು ಅನ್ನೋದು ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಯಾವ ಕಾನೂನು, ಎಷ್ಟು ಕೇಳುತ್ತದೆ

ಐರೋಪ್ಯ ಒಕ್ಕೂಟ ಮೊದಲು 2005/32 ಅನ್ನೋ ನಿರ್ದೇಶನ ತಂದಿತು. ಅದು ಇಂಧನ ಬಳಸುವ ವಸ್ತುಗಳಿಗೆ ಮಾತ್ರ. ಅದರ ಜಾಗಕ್ಕೆ 2009/125 ಬಂತು. ಇದರಲ್ಲಿ ಇಂಧನಕ್ಕೆ ಸಂಬಂಧಪಟ್ಟ ವಸ್ತುಗಳೂ ಸೇರಿದವು. ಇವೆರಡೂ ಬರೀ ಚೌಕಟ್ಟು. ಅಂಕಿಗಳು ಇರುವುದು ಒಂದೊಂದು ವಸ್ತುವಿಗೂ ಬೇರೆ ಬೇರೆಯಾಗಿ ಬರೆದ ನಿಯಮಗಳಲ್ಲಿ. ಮೋಟಾರಿಗೆ ಮೊದಲು 640/2009 ಇತ್ತು. 2021ರ ಜುಲೈ 1ರಿಂದ 2019/1781 ಜಾರಿಯಲ್ಲಿದೆ.

ಇಲ್ಲೇ ಒಂದು ಗೊಂದಲ. 2024ರಲ್ಲಿ ಒಕ್ಕೂಟ ಹೊಸ ಇಕೋಡಿಸೈನ್ ಚೌಕಟ್ಟು ತಂದಿತು. ಅದರ ನಂಬರು 2024/1781. ಎರಡರಲ್ಲೂ 1781! ಬಯರ್ ಕಳಿಸಿದ ಮೇಲ್‌ನಲ್ಲಿ ಸುಮ್ನೆ '1781 ಪ್ರಕಾರ ಡಿಕ್ಲರೇಶನ್ ಕೊಡಿ' ಅಂತಿದ್ದರೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ನಾನು ಎರಡು ದಿನ ಹೊಸ ಚೌಕಟ್ಟನ್ನು ಓದುತ್ತಾ ಅದರಲ್ಲಿ ಮೋಟಾರಿನ ಕೋಷ್ಟಕ ಹುಡುಕಿದೆ. ಅಲ್ಲಿ ಅದು ಇಲ್ಲವೇ ಇಲ್ಲ. ಹಳೆಯ ಚೌಕಟ್ಟಿನಡಿ ಬಂದ 2019ರ ಮೋಟಾರ್ ನಿಯಮ, ಬೇರೊಂದು ಬರುವ ತನಕ ಹಾಗೇ ನಡೆಯುತ್ತದೆ.

ಅದು ಕೇಳುವುದು ಇಷ್ಟು (ಐಇ ಅಂದರೆ ಮೋಟಾರಿನ ದಕ್ಷತೆಯ ದರ್ಜೆ, ಅಂಕಿ ಹೆಚ್ಚಿದಷ್ಟೂ ನಷ್ಟ ಕಡಿಮೆ): 0.75ರಿಂದ 1000 ಕಿಲೋವ್ಯಾಟ್ ವರೆಗಿನ 2, 4, 6, 8 ಪೋಲಿನ (ಕಾಂತಧ್ರುವದ) ತ್ರೀ ಫೇಸ್ ಮೋಟಾರಿಗೆ ಐಇ3. 0.12ರಿಂದ 0.75ರ ಒಳಗಿದ್ದರೆ ಐಇ2. 2023ರ ಜುಲೈ 1ರಿಂದ 75ರಿಂದ 200 ಕಿಲೋವ್ಯಾಟ್‌ನ 2, 4, 6 ಪೋಲಿನವಕ್ಕೆ ಐಇ4. ಬ್ರೇಕ್ ಮೋಟಾರು, ಸ್ಫೋಟದ ಅಪಾಯ ಇರುವ ಜಾಗದ ಮೋಟಾರುಗಳಿಗೆ ಐಇ4 ಇಲ್ಲ. ಅದೇ ದಿನದಿಂದ ಸಿಂಗಲ್ ಫೇಸ್‌ಗೂ ಐಇ2 ಬಂತು.

ನಮ್ಮ ದೇಶದ 2017ರ ಗುಣಮಟ್ಟ ನಿಯಂತ್ರಣ ಆದೇಶ ಕೇಳಿದ್ದು ಐಇ2. ಹಾಗಾಗಿ ಇಲ್ಲಿ ಐಎಸ್‌ಐ ಗುರುತು ಹಾಕಿಕೊಂಡು ಮಾರುವ 0.75 ಕಿಲೋವ್ಯಾಟ್ ಮೇಲಿನ ಅದೇ ಐಇ2 ಮೋಟಾರ್ ಅಲ್ಲಿನ ಬಂದರಲ್ಲಿ ನಿಂತುಬಿಡುತ್ತದೆ.

ದಕ್ಷತೆ ನೋಡಬೇಡಿ, ನಷ್ಟ ನೋಡಿ

ಉದಾಹರಣೆಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ 10 ಎಚ್‌ಪಿ ಮೋಟಾರ್ ತಗೊಳ್ಳಿ. 7.5 ಕಿಲೋವ್ಯಾಟ್, 4 ಪೋಲ್, 50 ಹರ್ಟ್ಜ್. ಐಇ2ಗೆ ಬೇಕಾದ ದಕ್ಷತೆ ಶೇ 88.7. ಐಇ3ಗೆ ಶೇ 90.4. ವ್ಯತ್ಯಾಸ ಬರೀ 1.7. 'ಇಷ್ಟೇನಾ, ವೈಂಡಿಂಗ್‌ನಲ್ಲಿ ಸ್ವಲ್ಪ ತಾಮ್ರ ಜಾಸ್ತಿ ಹಾಕಿದರೆ ಆಯ್ತು' ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಈಗ ನಷ್ಟದ ಕಡೆಯಿಂದ ಲೆಕ್ಕ ಮಾಡಿ. 7500ನ್ನು 0.887ರಿಂದ ಭಾಗಿಸಿದರೆ ಮೋಟಾರ್ ಎಳೆಯುವುದು 8455 ವ್ಯಾಟ್. ನಷ್ಟ 955 ವ್ಯಾಟ್. 0.904ರಿಂದ ಭಾಗಿಸಿದರೆ 8296. ನಷ್ಟ 796 ವ್ಯಾಟ್. ಅಂದರೆ ಒಳಗೆ ಬಿಸಿಯಾಗಿ ಹೋಗುವ ಕರೆಂಟಿನಲ್ಲಿ ಆರರಲ್ಲಿ ಒಂದು ಪಾಲು ಕಡಿಮೆ ಆಗಬೇಕು. ಇದು ಸಣ್ಣ ಕೆಲಸ ಅಲ್ಲ. ಸ್ಟೇಟರ್ ತಾಮ್ರ, ರೋಟರ್, ಸ್ಟ್ಯಾಂಪಿಂಗ್ ಕಬ್ಬಿಣ (ಕೋರಿನ ತೆಳು ತಗಡುಗಳು), ಬೇರಿಂಗ್ ಮತ್ತು ಫ್ಯಾನು, ಸ್ಟ್ರೇ ನಷ್ಟ (ಉಳಿದ ಚಿಲ್ಲರೆ ನಷ್ಟ), ಹೀಗೆ ಐದು ಕಡೆ ಸೋರಿಕೆ ಇದೆ. ಒಂದನ್ನು ಮುಚ್ಚಲು ಹೋದರೆ ಇನ್ನೊಂದು ಜಾಸ್ತಿ ಆಗಬಹುದು. ಒಳ್ಳೆಯ ಸ್ಟ್ಯಾಂಪಿಂಗ್ ಬೇಕು, ಕೋರ್ ಉದ್ದ ಆಗಬೇಕು. ಆದರೆ ಗ್ರಾಹಕನ ಮಷೀನಿನಲ್ಲಿ ಕಾಲಿನ ಬೋಲ್ಟ್ ತೂತು, ಶಾಫ್ಟ್ ಎತ್ತರ ಅದೇ 132 ಮಿ.ಮೀ. ಫ್ರೇಮಿಗೆ ಕೂರಬೇಕು. ಖರ್ಚು ಎಲ್ಲಿಂದ ಬರುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ನಾನು ಸಿಕ್ಕಿಬಿದ್ದ ಜಾಗ: ಶೇ 15 ಟಾಲರೆನ್ಸ್

ನಿಯಮದ ಕೊನೆಯಲ್ಲಿ ಒಂದು ಅನುಬಂಧ ಇದೆ. 150 ಕಿಲೋವ್ಯಾಟ್ ವರೆಗಿನ ಮೋಟಾರಿಗೆ ಶೇ 15, ಅದಕ್ಕಿಂತ ದೊಡ್ಡದಕ್ಕೆ ಶೇ 10 ಟಾಲರೆನ್ಸ್, ಅಂದರೆ ಅಳತೆ ಆಚೀಚೆ ಆಗಲು ಬಿಟ್ಟ ಮಿತಿ, ಅಂತ ಬರೆದಿದೆ. ಇದನ್ನು ನಾನು ಎರಡು ಸಲ ತಪ್ಪು ಓದಿದೆ. ಎರಡೂ ಬೇರೆ ಬೇರೆ ತಪ್ಪು.

ಮೊದಲನೆಯದು ಬೇಗ ಬಗೆಹರಿಯಿತು. ಶೇ 15 ದಕ್ಷತೆಯ ಮೇಲಲ್ಲ, ನಷ್ಟದ ಮೇಲೆ. 90.4ರಲ್ಲಿ ಶೇ 15 ಕಳೆದರೆ 77ರ ಹತ್ತಿರ ಬರುತ್ತದೆ. ಅದಕ್ಕೆ ಅರ್ಥವೇ ಇಲ್ಲ. 100ರಲ್ಲಿ 90.4 ಕಳೆದರೆ ಉಳಿಯುವುದು 9.6. ಅದರ ಶೇ 15 ಅಂದರೆ 1.44. ಕೂಡಿಸಿದರೆ 11.04. ಅದನ್ನು 100ರಿಂದ ಕಳೆದರೆ 88.96. ಈ ನಾಲ್ಕು ಹೆಜ್ಜೆಯನ್ನು ಒಂದು ಸಲ ಕಾಗದದ ಮೇಲೆ ಮಾಡಿ ನೋಡಿ, ಬಾಯಲ್ಲಿ ಬೇಡ.

ಎರಡನೆಯದು ವಾರಗಟ್ಟಲೆ ಕಾಡಿತು. '88.96 ಬಂದರೂ ಪಾಸ್ ಅಂತಾದರೆ, ನಮ್ಮ ಟೆಸ್ಟ್ ಬೆಂಚಿನಲ್ಲಿ 89.5 ಬಂದ ಮೋಟಾರಿಗೆ ಐಇ3 ಪ್ಲೇಟ್ ಹೊಡೆಯಬಹುದು' ಅಂತ ಹಿರಿಯರೊಬ್ಬರು ಹೇಳಿದರು. ಲೆಕ್ಕ ಸರಿ ಇದೆ ಅಂತ ನಾನೂ ಒಪ್ಪಿದೆ. ಆದರೆ ಹಾಗೆ ಮಾಡುವಂತಿಲ್ಲ. ಆ ಅನುಬಂಧದಲ್ಲೇ ಸ್ಪಷ್ಟವಾಗಿ ಇದೆ: ಈ ಟಾಲರೆನ್ಸ್ ಅಲ್ಲಿನ ಮಾರುಕಟ್ಟೆ ಕಣ್ಗಾವಲು ಅಧಿಕಾರಿಗಳು ಅಳೆಯುವಾಗ ಮಾತ್ರ. ತಯಾರಕರು ತಮ್ಮ ಅಂಕಿ ಬರೆಯಲು ಅದನ್ನು ಬಳಸುವಂತಿಲ್ಲ. ನಾವು ಘೋಷಿಸುವ ಅಂಕಿ ನಮ್ಮ ತಾಂತ್ರಿಕ ಫೈಲಿನಲ್ಲಿರುವ ಪರೀಕ್ಷೆಯ ಅಂಕಿಗಿಂತ ಚೆನ್ನಾಗಿ ಕಾಣುವಂತಿಲ್ಲ.

ನನಗೆ ಅರ್ಥ ಆಗಿದ್ದು ತರಕಾರಿ ತಕ್ಕಡಿಯಿಂದ. ತಕ್ಕಡಿ ಪರೀಕ್ಷೆಗೆ ಬರುವ ಅಧಿಕಾರಿಗೆ ಇಷ್ಟು ಗ್ರಾಂ ಆಚೀಚೆ ಇದ್ದರೆ ಬಿಡಬಹುದು ಅಂತ ಒಂದು ಮಿತಿ ಇರುತ್ತದೆ. ಅಷ್ಟು ಗ್ರಾಂ ದಿನಾ ಕಡಿಮೆ ತೂಗಿ ಮಾರಬಹುದು ಅಂತ ಅದರರ್ಥ ಅಲ್ಲ. ಒಂದು ಲ್ಯಾಬಿಗೂ ಇನ್ನೊಂದಕ್ಕೂ ಅಳತೆಯಲ್ಲಿ ಆಗುವ ವ್ಯತ್ಯಾಸ, ಒಂದು ಪೀಸಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ, ಇವಕ್ಕೋಸ್ಕರ ಬಿಟ್ಟ ಜಾಗ ಅದು. ನಾವೇ ಮೊದಲು ಅದನ್ನು ತಿಂದುಬಿಟ್ಟರೆ ಅವರ ಲ್ಯಾಬಿನಲ್ಲಿ ಏರುಪೇರಾದಾಗ ನಮಗೆ ಏನೂ ಉಳಿಯುವುದಿಲ್ಲ.

ಅವರು ಪರೀಕ್ಷೆ ಮಾಡುವ ರೀತಿಯೂ ತಿಳಿದಿರಲಿ. ಮೊದಲು ಒಂದೇ ಪೀಸ್ ತೆಗೆದುಕೊಳ್ಳುತ್ತಾರೆ. ಅದು ಫೇಲ್ ಆದರೆ ಅದೇ ಮಾಡೆಲಿನ ಇನ್ನೂ ಮೂರು ಅಳೆದು ಸರಾಸರಿ ನೋಡುತ್ತಾರೆ. ಅದೂ ಮೀರಿದರೆ ಆ ಮಾಡೆಲ್ ಮಾತ್ರ ಅಲ್ಲ, ಅದಕ್ಕೆ ಸಮಾನ ಅಂತ ನಾವೇ ಫೈಲಿನಲ್ಲಿ ತೋರಿಸಿದ ಬೇರೆ ಮಾಡೆಲುಗಳೂ ಬೀಳುತ್ತವೆ. ಒಂದೇ ಟೆಸ್ಟ್ ರಿಪೋರ್ಟಿನಡಿ ಹತ್ತು ಮಾಡೆಲ್ ಸೇರಿಸುವ ಅಭ್ಯಾಸ ಇದ್ದವರು ಇದನ್ನು ಗಮನಿಸಬೇಕು.

ಪಂಪಿನೊಳಗೆ ಕೂತ ಮೋಟಾರ್

ಪಂಪ್ ಮಾಡುವ ಗೆಳೆಯರು 'ನಾವು ಮೋಟಾರ್ ಮಾರುವುದಿಲ್ಲ, ಪಂಪ್ ಮಾರುತ್ತೇವೆ' ಅನ್ನುತ್ತಾರೆ. ಪಂಪು, ಗೇರ್‌ಬಾಕ್ಸು, ಫ್ಯಾನಿನೊಳಗೆ ಕೂತ ಮೋಟಾರಿಗೂ ಇದೇ ನಿಯಮ. ಬೇರೆ ಮಾಡಿ ಪರೀಕ್ಷಿಸಲು ಸಾಧ್ಯವೇ ಇಲ್ಲದಷ್ಟು ಒಂದಾಗಿದ್ದರೆ ಮಾತ್ರ ಬಿಡುಗಡೆ. ಶುದ್ಧ ನೀರಿನ ಪಂಪಿಗೆ ಮೇಲಿಂದ 547/2012 ಅನ್ನೋ ಇನ್ನೊಂದು ನಿಯಮವೂ ಇದೆ. 2015ರಿಂದ ಪಂಪಿನ ಕನಿಷ್ಠ ದಕ್ಷತಾ ಸೂಚ್ಯಂಕ 0.4 ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಬೋರ್‌ವೆಲ್ ಸಬ್‌ಮರ್ಸಿಬಲ್‌ನದು ಉಲ್ಟಾ ಕಥೆ. ಪೂರ್ತಿ ನೀರಿನಲ್ಲಿ ಮುಳುಗಿ ಓಡುವ ಮೋಟಾರ್ 2019/1781ರಿಂದ ಹೊರಗೆ. ಆದರೆ ಅದರ ಮೇಲಿನ 4 ಇಂಚು, 6 ಇಂಚಿನ ಮಲ್ಟಿಸ್ಟೇಜ್ ಪಂಪ್ 547ರ ಒಳಗೆ. ಒಂದೇ ಪೈಪಿಗೆ ಇಳಿಯುವ ಎರಡು ತುಂಡಿಗೆ ಎರಡು ಉತ್ತರ.

ತಾರೀಖು ಮತ್ತು ಕಾಗದ

ಗಡುವು ಬಂದಾಗ ನೋಡುವುದು ನಾವು ತಯಾರಿಸಿದ ದಿನವನ್ನಲ್ಲ. ಆ ಒಂದೊಂದು ಪೀಸು ಒಕ್ಕೂಟದ ಮಾರುಕಟ್ಟೆಗೆ ಮೊದಲ ಸಲ ಯಾವಾಗ ಬಂತು ಅನ್ನೋದನ್ನು. 'ಈ ಮಾಡೆಲ್ ಹಿಂದಿನಿಂದಲೂ ಹೋಗುತ್ತಿದೆ' ಅನ್ನೋ ಮಾತು ನಡೆಯುವುದಿಲ್ಲ. ಹಡಗಿನಲ್ಲಿ ಕಂಟೇನರ್ ಸಾಗುವ ವಾರಗಳನ್ನು, ಬಂದರಿನ ಕಸ್ಟಮ್ಸ್ ದಿನಗಳನ್ನು ಹಿಂದಕ್ಕೆ ಎಣಿಸಿ ಪ್ರೊಡಕ್ಷನ್ ಪ್ಲಾನ್ ಹಾಕಬೇಕು.

ಹೊರಗಿನ ಪ್ರಮಾಣಪತ್ರ ಸಂಸ್ಥೆ ಕಡ್ಡಾಯ ಅಲ್ಲ, ನಾವೇ ಘೋಷಣೆ ಬರೆಯಬಹುದು. ಹಾಗೆಂದೇ ಫೈಲು ಗಟ್ಟಿ ಇರಬೇಕು. ಆ ಮಾಡೆಲಿನ ಕೊನೆಯ ಪೀಸ್ ತಯಾರಾದ ಮೇಲೂ 10 ವರ್ಷ ಇಟ್ಟುಕೊಳ್ಳಬೇಕು. 2021ರ ಜುಲೈ 16ರಿಂದ, ಒಕ್ಕೂಟದೊಳಗೆ ವಿಳಾಸ ಇರುವ ಹೊಣೆಗಾರರೊಬ್ಬರ ಹೆಸರೂ ಮಾಲಿನ ಜೊತೆ ಹೋಗಬೇಕು. ಸಾಮಾನ್ಯವಾಗಿ ಅದು ಆಮದುದಾರರೇ.

ನೇಮ್ ಪ್ಲೇಟಿನಲ್ಲಿ ಐಇ ದರ್ಜೆ, ಪೂರ್ತಿ ಲೋಡಿನ ದಕ್ಷತೆ, ತಯಾರಾದ ವರ್ಷ ಅಚ್ಚಾಗಿರಲಿ. 2022ರ ಜುಲೈಯಿಂದ ಏಳು ಬಿಂದುಗಳಲ್ಲಿ ನಷ್ಟದ ಅಂಕಿಯನ್ನೂ ತಾಂತ್ರಿಕ ಮಾಹಿತಿಯಲ್ಲಿ ಕೊಡಬೇಕು. ವೇಗ ಶೇ 25, ಟಾರ್ಕ್ ಶೇ 25ರಿಂದ ಶುರುವಾಗಿ ವೇಗ 90, ಟಾರ್ಕ್ 100ರ ತನಕ. ನಮ್ಮ ಬೆಂಚಿನಲ್ಲಿ ಈಗ ಇರುವುದು ಪೂರ್ತಿ, ಮುಕ್ಕಾಲು, ಅರ್ಧ ಲೋಡಿನ ರೀಡಿಂಗ್ ಮಾತ್ರ. ಆ ಏಳರ ಲೆಕ್ಕಕ್ಕೆ ಈ ವಾರ ಕೂರುತ್ತೇನೆ.