ಮಾತು ಬರುತ್ತದೆ, ಭಾಷೆ ತೊಡಕುತ್ತದೆ: ಲೆಕ್ಕಕ್ಕೆ ಸಿಗದ ವಿದ್ಯಾರ್ಥಿಗಳು

1981ರ ಜನಗಣತಿಯಲ್ಲಿ ಅಂಗವೈಕಲ್ಯಕ್ಕೆ ಮೂರೇ ಕಾಲಂ: ಪೂರ್ತಿ ಕುರುಡರು, ಪೂರ್ತಿ ಕುಂಟರು, ಪೂರ್ತಿ ಮೂಗರು. ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 1991ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟರು. 2001ರಲ್ಲಿ ಮಾತಿನ ವೈಕಲ್ಯ ಎಂದು ಕೇಳಿದಾಗ ಸುಮಾರು 16.4 ಲಕ್ಷ ಜನ ಸಿಕ್ಕರು. 2011ರಲ್ಲಿ ಹತ್ತಿರಹತ್ತಿರ 20 ಲಕ್ಷ. ವಿಚಿತ್ರವೆಂದರೆ, ಆ ಎರಡೂ ಗಣತಿಗಳ ಹೊತ್ತಿಗೆ ಜಾರಿಯಲ್ಲಿದ್ದ 1995ರ ಅಂಗವಿಕಲರ ಕಾಯ್ದೆಯ ಏಳು ವೈಕಲ್ಯಗಳಲ್ಲಿ ಮಾತಿಗೆ ಜಾಗವೇ ಇರಲಿಲ್ಲ. ಎರಡರಲ್ಲಿ ಚೆನ್ನಾಗಿರುವ ಕಿವಿಗೂ 60 ಡೆಸಿಬಲ್ ಶ್ರವಣ ನಷ್ಟವಿದ್ದರೆ ಸೌಲಭ್ಯ ಸಿಗುತ್ತಿತ್ತು. ಕಿವಿ ಸರಿಯಿದ್ದು ಮಾತಷ್ಟೇ ತೊಡಕಾಗಿದ್ದ ಮಗು ಯಾವ ಪಟ್ಟಿಗೂ ಸೇರುತ್ತಿರಲಿಲ್ಲ.

ಬಲ್ಲವರಿರಲಿಲ್ಲ ಎನ್ನುವಂತಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಶುರುವಾಗಿತ್ತು. ಕನ್ನಡದ್ದೇ ಉಚ್ಚಾರಣಾ ಪರೀಕ್ಷೆ 1970ರ ದಶಕದಲ್ಲಿ ತಯಾರಾಗಿತ್ತು. ಆದರೆ ಆ ತಿಳಿವಳಿಕೆ ಚಿಕಿತ್ಸಾ ಕೊಠಡಿ ದಾಟಿ ಮೂರನೇ ತರಗತಿಯ ಟೀಚರ ತನಕ ಬರಲಿಲ್ಲ. ಊರಲ್ಲಿ ನಡೆಯುತ್ತಿದ್ದದ್ದು ನಾಲಿಗೆಗೆ ಬಜೆ ತೇಯ್ದು ಹಚ್ಚುವುದು, ‘ಅವರಪ್ಪನಿಗೂ ತಡವಾಗೇ ಮಾತು ಬಂದದ್ದು’ ಎಂದು ಸಮಾಧಾನ ಹೇಳುವುದು.

2016ರ ಕಾಯ್ದೆ 21 ವೈಕಲ್ಯಗಳನ್ನು ಗುರುತಿಸಿತು, ಅದರಲ್ಲಿ ‘ವಾಕ್ ಮತ್ತು ಭಾಷಾ ವೈಕಲ್ಯ’ವೂ ಬಂತು. ವ್ಯಾಖ್ಯಾನ ಓದಿದರೆ ಮಾತ್ರ ಮಗು ಮತ್ತೆ ಕಾಣೆಯಾಗುತ್ತದೆ: ಧ್ವನಿಪೆಟ್ಟಿಗೆ ತೆಗೆಸಿಕೊಂಡದ್ದು, ಪಾರ್ಶ್ವವಾಯುವಿನಿಂದ ಭಾಷೆ ಹೋದದ್ದು ಮೊದಲಾದ ಅಂಗಗತ ಅಥವಾ ನರಸಂಬಂಧಿ ಕಾರಣಗಳ ಶಾಶ್ವತ ತೊಂದರೆ. ಇದು ಬಹುಪಾಲು ದೊಡ್ಡವರ ಕಾಯಿಲೆಗಳ ಭಾಷೆ. ಕಾರಣವೇ ಕಾಣದೆ ಭಾಷೆ ಹಿಂದೆ ಬಿದ್ದ ಏಳು ವರ್ಷದ ಹುಡುಗಿ ಇದರೊಳಗೆ ಸುಲಭಕ್ಕೆ ಕೂರುವುದಿಲ್ಲ. ಕಲಿಕಾ ನ್ಯೂನತೆಯ ಬಾಗಿಲು ಬೇರೆ ಇದೆ ನಿಜ, ಆದರೆ ಅಲ್ಲಿ ಪ್ರಮಾಣಪತ್ರ ಎಂಟು ವರ್ಷದ ನಂತರವೇ ಎಂದಿತು 2018ರ ಮಾರ್ಗಸೂಚಿ. ಆ ಹೊತ್ತಿಗೆ ಕಾಗುಣಿತ ಕೈಬಿಟ್ಟುಹೋಗಿರುತ್ತದೆ.

ಹೀಗೆ ಜಾರಿಹೋಗುವ ಮಕ್ಕಳಲ್ಲಿ ಹೆಚ್ಚಿನವರ ತೊಂದರೆಗೆ 2017ರ ಸುಮಾರಿಗೆ ಜಗತ್ತಿನ ತಜ್ಞರು ಒಪ್ಪಿದ ಹೆಸರು ‘ಬೆಳವಣಿಗೆಯ ಭಾಷಾ ತೊಂದರೆ’, ಡಿಎಲ್‌ಡಿ. ಇಂಗ್ಲೆಂಡ್, ಅಮೆರಿಕದ ಸಮೀಕ್ಷೆಗಳಲ್ಲಿ ಇದು ಸುಮಾರು ಶೇ. 7, ಮೂವತ್ತು ಮಕ್ಕಳ ತರಗತಿಗೆ ಇಬ್ಬರು. ಇವರು ಮಾತಾಡುತ್ತಾರೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಚಿತ್ರ ತೋರಿಸಿ ಕಥೆ ಕೇಳಿದರೆ ಗೊತ್ತಾಗುತ್ತದೆ: ‘ನಾಯಿ ಅದು… ರೊಟ್ಟಿ ತಗೊಂಡು… ನೀರು ಅದು… ಅದು ಬಿತ್ತು.’ ಹೆಸರುಗಳ ಜಾಗದಲ್ಲೆಲ್ಲ ‘ಅದು’. ನೀರಿಗೋ ನೀರಿನಲ್ಲೋ ಎನ್ನುವ ವಿಭಕ್ತಿ ಇಲ್ಲ. ಅದೇ ವಯಸ್ಸಿನ ಬೇರೆ ಮಕ್ಕಳು ಎಂದೋ ದಾಟಿದ ‘ಅಕ್ಕ ಬಂದ’ದಂಥ ತಪ್ಪು ಇನ್ನೂ ಉಳಿದಿರುತ್ತದೆ. ‘ಪುಸ್ತಕ ತೆಗೆದು, 24ನೇ ಪುಟದ ಎರಡನೇ ಪ್ರಶ್ನೆ ಬರೆದು, ಪೆನ್ಸಿಲ್ ಒಳಗಿಡಿ’ ಎಂದರೆ ಇಂಥ ಮಗು ಪೆನ್ಸಿಲ್ ಒಳಗಿಟ್ಟು ಪಕ್ಕದವರನ್ನು ನೋಡುತ್ತ ಕೂರುತ್ತದೆ. ವರದಿ ಪುಸ್ತಕದಲ್ಲಿ ‘ಗಮನ ಸಾಲದು’ ಎಂದು ಬೀಳುವುದು ಇಂಥವರಿಗೇ.

ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಮೊದಲನೆಯದು, ಆಡುನುಡಿಯನ್ನು ದೋಷ ಎನ್ನುವುದು. ಹಾಲಿಗೆ ‘ಆಲು’, ಭಾರತಕ್ಕೆ ‘ಬಾರತ’ ಎನ್ನುವ ಮಗುವಿನ ಮನೆಯವರೂ ಹಾಗೇ ಅಂದರೆ ಚಿಕಿತ್ಸೆ ಬೇಕಿಲ್ಲ. ಎರಡನೆಯದು, ಶಾಲೆಯ ಭಾಷೆಯಲ್ಲಿ ಮಾತ್ರ ಅಳೆಯುವುದು. ಮನೆಯಲ್ಲಿ ತುಳುವೋ ಉರ್ದುವೋ ಆಡುವ ಮಗು ಅಲ್ಲಿ ಸಲೀಸಾಗಿದ್ದು ಕನ್ನಡದಲ್ಲಿ ಮಾತ್ರ ಮುಗ್ಗರಿಸಿದರೆ ಅದು ಅಭ್ಯಾಸ ಸಾಲದ್ದು. ಎರಡೂ ಕಡೆ ಮುಗ್ಗರಿಸಿದರೆ ತೊಂದರೆ. ಆಗ ಮನೆಭಾಷೆ ಬಿಡಿಸುವುದರಿಂದ ಲಾಭವಿಲ್ಲ. ಇರುವ ಒಂದು ಆಸರೆಯೂ ಹೋಗುತ್ತದೆ.

ಏನೇ ಅನುಮಾನವಿರಲಿ, ಮೊದಲು ಕಿವಿ ಪರೀಕ್ಷೆ. ಪದೇಪದೇ ನೆಗಡಿಯಾಗಿ ಮಧ್ಯಕಿವಿಯಲ್ಲಿ ದ್ರವ ನಿಂತ ಮಗುವಿಗೆ ಕೆಲ ವಾರ ಅರ್ಧಂಬರ್ಧ ಕೇಳುತ್ತಿರುತ್ತದೆ. ಸೀಳು ಅಂಗುಳದ ಶಸ್ತ್ರಚಿಕಿತ್ಸೆ ಆದ ಮಗು ‘ಬಾಳೆ’ ಎಂದದ್ದು ‘ಮಾಳೆ’ ಎಂದು ಕೇಳಿಸಿದರೆ, ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಪಪಪ’ ಅನ್ನಿಸಿ. ಕನ್ನಡಿ ಮಂಜಾದರೆ ಗಾಳಿ ಮೂಗಿಗೆ ಸೋರುತ್ತಿದೆ. ‘ಸರಿಯಾಗಿ ಹೇಳು’ ಎಂದು ಗದರಿದರೆ ಸೋರುವುದು ನಿಲ್ಲದು, ವಾಕ್ ಚಿಕಿತ್ಸಕರಿಗೂ ಶಸ್ತ್ರವೈದ್ಯರಿಗೂ ಮತ್ತೆ ತೋರಿಸಬೇಕು.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರು. ಮುಕ್ಕಾಲು ಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಉಳಿದವರಿಗೆ ತರಗತಿಯಲ್ಲಿ ಅತಿ ಕಷ್ಟದ ಪದ ಹೆಚ್ಚಾಗಿ ಸ್ವಂತ ಹೆಸರು, ಏಕೆಂದರೆ ಅದರ ಬದಲು ಇನ್ನೊಂದು ಪದ ಹಾಕುವಂತಿಲ್ಲ. ಹಾಜರಿಗೆ ಕೈಯೆತ್ತಿದರೆ ಸಾಕು ಎನ್ನಿ. ‘ನಿಧಾನ, ಉಸಿರೆಳಕೊ’ ಎಂಬ ಸಲಹೆ ಬೇಡ, ವಾಕ್ಯವನ್ನು ನೀವು ಮುಗಿಸಿಕೊಡುವುದೂ ಬೇಡ. ಗಟ್ಟಿಯಾಗಿ ಓದಿಸಲೇಬೇಕಿದ್ದರೆ ಇನ್ನೊಬ್ಬರ ಜೊತೆ ಒಟ್ಟಿಗೆ ಓದಿಸಿ. ದನಿಗೂಡಿಸಿದಾಗ ಉಗ್ಗು ಬಹುತೇಕ ಇಳಿಯುತ್ತದೆ.

ಡಿಎಲ್‌ಡಿ ಮಗುವಿಗೆ ಸೂಚನೆಗಳನ್ನು ಒಂದೊಂದಾಗಿ ಹೇಳಿ, ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಕಾಯಿರಿ. ಆ ಹತ್ತು ಸೆಕೆಂಡ್ ಟೀಚರಿಗೇ ಕಷ್ಟ. ವಿಜ್ಞಾನದ ಪಾಠಕ್ಕೆ ಮುಂಚೆ ‘ಆವಿ’, ‘ಸಾಂದ್ರೀಕರಣ’ದಂಥ ನಾಲ್ಕೈದು ಪದಗಳನ್ನು ತಟ್ಟೆಯಲ್ಲಿ ಮುಚ್ಚಿದ ಬಿಸಿನೀರಿನ ಲೋಟ ತೋರಿಸಿ ಹೇಳಿಕೊಡಿ. ‘ಅಮ್ಮ ಅಂಗಡಿ ಹೋಯ್ತು’ ಎಂದರೆ ತಿದ್ದದೆ, ‘ಓ, ಅಮ್ಮ ಅಂಗಡಿಗೆ ಹೋದರಾ?’ ಎಂದು ಸರಿಯಾದ ರೂಪವನ್ನು ಕೇಳಿಸಿ. ಇದಕ್ಕೆಲ್ಲ ಯಾವ ಪ್ರಮಾಣಪತ್ರವೂ ಬೇಕಿಲ್ಲ; ಪರೀಕ್ಷೆಯ ರಿಯಾಯಿತಿಗೆ ಮಾತ್ರ ಅದು ಬೇಕಾಗುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಭಾಷೆ ತಡವಾಗುವುದೂ ಇದೆ. ಅದರ ವೈದ್ಯಕೀಯ ತಂಡ ಮಕ್ಕಳ ತಪಾಸಣೆಗೆ ಶಾಲೆಗೆ ಬರುವುದು ವರ್ಷಕ್ಕೊಮ್ಮೆ, ಒಂದು ಮಗುವಿಗೆ ಸಿಗುವುದು ಕೆಲವೇ ನಿಮಿಷ. ಹೆಸರು ಹೇಳಿ ನಕ್ಕ ಮಗು ಪಾಸ್. ಆದ್ದರಿಂದ ಅವರು ಬರುವ ಮುಂಚೆಯೇ ಮಗು ಆಡಿದ ಹತ್ತು ವಾಕ್ಯಗಳನ್ನು, ತಪ್ಪು ತಿದ್ದದೆ, ಆಡಿದಂತೆಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರಿಗೂ ಬ್ಲಾಕ್‌ನ ಬಿಐಇಆರ್‌ಟಿಗೂ (ವಿಶೇಷ ಅಗತ್ಯದ ಮಕ್ಕಳಿಗೆಂದಿರುವ ಸಂಪನ್ಮೂಲ ಶಿಕ್ಷಕರು) ಕೊಡಬೇಕಾದದ್ದು ಆ ಹಾಳೆ.